ಟಾಲ್, ಫೇರ್, ಕೈಂಡ್: ಇಷ್ಟರಲ್ಲಿ ಯಾರು ಕಾಣಿಸಿದರು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ಈಚೆಗೆ ವ್ಯಕ್ತಿಗಳನ್ನು ವರ್ಣಿಸುವ ಬಗ್ಗೆ ಒಂದು ಪಾಠ ಬಂದಿತ್ತು. ಎಡಗಡೆ ರೂಪದ ಪದಗಳು, ಬಲಗಡೆ ಗುಣದ ಪದಗಳು. ಟಾಲ್, ಶಾರ್ಟ್, ಫೇರ್, ಡಾರ್ಕ್, ಫ್ಯಾಟ್, ಥಿನ್. ಆ ಕಡೆ ಕೈಂಡ್, ಆನೆಸ್ಟ್, ಹಾರ್ಡ್‌ವರ್ಕಿಂಗ್, ಕ್ಲೆವರ್, ಲೇಜಿ, ಸೆಲ್ಫಿಶ್. ಕೆಳಗೆ ಒಂದು ಮಾದರಿ ಪ್ಯಾರಾ. ನನ್ನ ಗೆಳೆಯ ಟಾಲ್ ಆಗಿದ್ದಾನೆ, ಫೇರ್ ಆಗಿದ್ದಾನೆ, ತುಂಬಾ ಕೈಂಡ್, ತುಂಬಾ ಆನೆಸ್ಟ್. ಓದಿ ಮುಗಿಸಿದ ಮೇಲೆ ಆ ಗೆಳೆಯ ಎದುರಿಗೇ ಬಂದು ನಿಂತರೂ ಗುರುತು ಸಿಗೋದಿಲ್ಲ. ಅಂಥ ಗೆಳೆಯ ಎಲ್ಲರಿಗೂ ಇದ್ದಾನೆ, ಇಲ್ಲಾ ಯಾರಿಗೂ ಇಲ್ಲ.

ಬೈಯೋಕೆ ಅಂತ ಬರೆದ ಪತ್ರ ಅಲ್ಲ ಇದು. ಅಂಕಣ ನಾನು ತಪ್ಪದೆ ಓದುತ್ತೇನೆ, ನನ್ನ ಹತ್ತಿರ ಕಲಿಯುವವರಿಗೂ ಓದಿ ಅಂತ ಹೇಳುತ್ತೇನೆ. ಕೆಲಸಕ್ಕೆ ಹೋಗುವ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡೋದು ನನ್ನ ವೃತ್ತಿ. ಹಾಗಾಗಿ ಈ ಪಾಠ ಎಲ್ಲಿ ಕೈಕೊಡುತ್ತದೆ ಅಂತ ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಪದ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವವರು ಕಡಿಮೆ. ನಾಲ್ಕು ಪದ ಕಲಿತು, ಅಮ್ಮನಿಂದ ಹಿಡಿದು ಆಫೀಸಿನ ಬಾಸ್‌ವರೆಗೆ ಎಲ್ಲರ ಮೇಲೂ ಅದನ್ನೇ ಎರಚುವವರು ಜಾಸ್ತಿ.

ಮೊದಲ ಎಡವಟ್ಟು ಪದಕ್ಕೂ ಮುಂಚೆ, ಪ್ರಶ್ನೆಯಲ್ಲೇ ಆಗುತ್ತದೆ. 'ಅವನು ಹೇಗಿದ್ದಾನೆ' ಅಂತ ನಾವು ಕೇಳಿದರೆ, ಆರೋಗ್ಯ ವಿಚಾರಿಸಿದ್ದೋ, ನೋಡೋಕೆ ಹೇಗೆ ಅಂದಿದ್ದೋ, ಮನುಷ್ಯ ಎಂಥವನು ಅಂದಿದ್ದೋ, ಸಂದರ್ಭ ನೋಡಿ ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಪ್ರಶ್ನೆ. 'ಹೌ ಈಸ್ ಹಿ?' ಅಂದರೆ ಕ್ಷೇಮವಾಗಿದ್ದಾನಾ ಅಂತ. 'ವಾಟ್ ಡಸ್ ಹಿ ಲುಕ್ ಲೈಕ್?' ಅಂದರೆ ರೂಪ. 'ವಾಟ್ ಈಸ್ ಹಿ ಲೈಕ್?' ಅಂದರೆ ಹೆಚ್ಚಾಗಿ ಸ್ವಭಾವ. ಇದರ ಮಗ್ಗುಲಲ್ಲೇ 'ವಾಟ್ ಡಸ್ ಹಿ ಲೈಕ್?' ಅಂತ ಇನ್ನೊಂದು ಕೂತಿದೆ, ಅದು ಅವನಿಗೆ ಏನು ಇಷ್ಟ ಅಂತ. ಕೆಲಸದ ಸಂದರ್ಶನದಲ್ಲಿ ಹಿಂದಿನ ಮ್ಯಾನೇಜರ್ ಬಗ್ಗೆ 'ವಾಟ್ ವಾಸ್ ಶಿ ಲೈಕ್?' ಅಂತ ಕೇಳಿದಾಗ 'ಶಿ ಲೈಕ್ಡ್ ಮ್ಯೂಸಿಕ್' ಅಂತ ಹೇಳಿ ಬಂದವರನ್ನು ನಾನು ಬಲ್ಲೆ. ಪದಗಳ ಪಟ್ಟಿ ಬಾಯಿಪಾಠ ಇತ್ತು. ಪ್ರಶ್ನೆ ಯಾವುದು ಅಂತಲೇ ತಿಳಿಯಲಿಲ್ಲ. ನಿಮ್ಮ ಪಾಠದಲ್ಲಿ ಈ ಪ್ರಶ್ನೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ.

ಐಇಎಲ್‌ಟಿಎಸ್, ಅಂದರೆ ವಿದೇಶಕ್ಕೆ ಓದೋಕೋ ಕೆಲಸಕ್ಕೋ ಹೋಗುವವರು ತಗೊಳ್ಳುವ ಇಂಗ್ಲಿಷ್ ಪರೀಕ್ಷೆ, ಬರೆಯುವವರಿಗೆ ಇದು ಇನ್ನೂ ಬಿಸಿ ತಟ್ಟುವ ವಿಷಯ. ಅದರ ಮಾತಿನ ಪರೀಕ್ಷೆಯ ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಯೋಚನೆ ಮಾಡಿಕೊಳ್ಳೋಕೆ 1 ನಿಮಿಷ, ಮಾತಾಡೋಕೆ 1ರಿಂದ 2 ನಿಮಿಷ. ಯಾರಾದರೂ ಒಬ್ಬರನ್ನು ವರ್ಣಿಸಿ ಅನ್ನೋದು ಅಲ್ಲಿ ಮತ್ತೆ ಮತ್ತೆ ಬರುವ ವಿಷಯ. ನಿಮ್ಮ ಪಟ್ಟಿಯ ಅಷ್ಟೂ ಪದ ಹೇಳಿ ಮುಗಿಸೋಕೆ ಅರ್ಧ ನಿಮಿಷ ಬೇಡ. ಆಮೇಲೆ? ಪರೀಕ್ಷಕರ ಮುಖ ನೋಡುತ್ತಾ 'ಹಿ ಈಸ್ ಎ ವೆರಿ ಗುಡ್ ಪರ್ಸನ್' ಅಂತ ಮೂರು ಸಲ ಹೇಳಬೇಕಾಗುತ್ತದೆ, ಮೂರನೇ ಸಲ ಹೇಳುವವರಿಗೇ ನಂಬಿಕೆ ಇರೋದಿಲ್ಲ.

ಕ್ರಿಯಾಪದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎತ್ತರ, ಮೈಕಟ್ಟು, ವಯಸ್ಸಿಗೆ 'ಈಸ್'. ಕೂದಲು, ಕಣ್ಣು, ಗಡ್ಡ, ಮಚ್ಚೆಗೆ 'ಹ್ಯಾಸ್'. ಕನ್ನಡಕ, ಬಟ್ಟೆಗೆ 'ವೇರ್ಸ್'. 'ಅವಳಿಗೆ ಉದ್ದ ಕೂದಲು' ಅನ್ನೋ ನಮ್ಮ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಅದಕ್ಕೇ ಇಂಗ್ಲಿಷಿಗೆ ಹೋದಾಗ ಕೈಗೆ ಸಿಕ್ಕಿದ 'ಈಸ್' ತಂದು ತುರುಕುತ್ತೇವೆ. ತಲೆಗೂದಲು ಎಷ್ಟೇ ದಟ್ಟ ಇದ್ದರೂ 'ಹೇರ್' ಅಂತಲೇ, 'ಹೇರ್ಸ್' ಅಲ್ಲ. ಒಂದೊಂದೇ ಎಳೆ ಎಣಿಸುವಾಗ ಮಾತ್ರ 'ಹೇರ್ಸ್', ಅಂದರೆ ನೆಲದ ಮೇಲೆ ಉದುರಿದ್ದು. ವಿಶೇಷಣಗಳಿಗೂ ಒಂದು ಸಾಲು ಇದೆ. ಮೊದಲು ನಮ್ಮ ಅಭಿಪ್ರಾಯ, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ. 'ಲಾಂಗ್ ಬ್ಲ್ಯಾಕ್ ಹೇರ್' ಅಂದರೆ ಸರಿ, 'ಬ್ಲ್ಯಾಕ್ ಲಾಂಗ್ ಹೇರ್' ಅಂದರೆ ಆ ಭಾಷೆ ಆಡುತ್ತಾ ಬೆಳೆದವರ ಕಿವಿಗೆ ಕಿರಿಕಿರಿ. ಯಾಕೆ ಅಂತ ಕೇಳಿದರೆ ಅವರಲ್ಲೂ ಬಹಳ ಜನಕ್ಕೆ ವಿವರಿಸೋಕೆ ಬರೋದಿಲ್ಲ. ವ್ಯಾಕರಣದ ಪಾಠ ಇಷ್ಟು ಸಾಕು.

ಇನ್ನು ರೂಪ. ನನ್ನ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಸುತ್ತೇನೆ. ನಿಮಗೆ ಗೊತ್ತಿರುವ ಒಬ್ಬರು ವಿಮಾನ ನಿಲ್ದಾಣಕ್ಕೆ ಬಂದಿಳಿಯುತ್ತಾರೆ, ನಿಮಗೆ ಹೋಗೋಕೆ ಆಗ್ತಿಲ್ಲ, ಅವರನ್ನು ನೋಡೇ ಇಲ್ಲದ ಡ್ರೈವರ್ ಹೋಗಿ ಕರೆತರಬೇಕು. ಫೋಟೊ ಇಲ್ಲ. ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ. ಟಾಲ್, ಥಿನ್, ಫೇರ್ ಅಂತ ಶುರು ಮಾಡಿದರೆ ನಾನೇ ಡ್ರೈವರ್ ಆಗಿ, ಇಲ್ಲಿ ಅಂಥವರು ಮೂವತ್ತು ಜನ ಇದ್ದಾರಲ್ಲ ಸ್ವಾಮಿ, ಯಾರನ್ನು ಕರ್ಕೊಂಡು ಬರಲಿ ಅಂತ ಕೇಳುತ್ತೇನೆ. ಆಗ ನಿಜವಾದ ವರ್ಣನೆ ಹೊರಗೆ ಬರುತ್ತದೆ. ಎಡ ಹುಬ್ಬಿನ ಮಧ್ಯೆ ಒಂದು ಗಾಯದ ಗುರುತು. ಕನ್ನಡಕ ಯಾವಾಗಲೂ ಹಣೆಯ ಮೇಲೆ. ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ಬ್ಯಾಗನ್ನು ಬೆನ್ನಿಗೆ ಹಾಕೋದಿಲ್ಲ, ಎದೆಗೆ ಅವುಚಿಕೊಂಡಿರುತ್ತಾರೆ. ಇದಕ್ಕೆ ಬೇಕಾದ ಇಂಗ್ಲಿಷ್ ಏನು ದೊಡ್ಡದಲ್ಲ. ಸ್ಕಾರ್, ಐಬ್ರೋ, ಫೋರ್‌ಹೆಡ್, ಲೀನ್, ಹೋಲ್ಡ್. ಎಲ್ಲ ಗೊತ್ತಿರುವ ಪದಗಳೇ. ಅವು ವಿಶೇಷಣಗಳ ಪಟ್ಟಿಯಲ್ಲಿ ಇರೋದಿಲ್ಲ, ಹಾಗಾಗಿ ನೆನಪಿಗೆ ಬರೋದಿಲ್ಲ, ಅಷ್ಟೇ.

ಈ ಕೆಲಸವನ್ನು ಗಂಭೀರವಾಗಿ ತಗೊಂಡವರೊಬ್ಬರು ಇದ್ದರು. ಪ್ಯಾರಿಸ್ ಪೊಲೀಸ್ ಇಲಾಖೆಯ ಆಲ್ಫಾನ್ಸ್ ಬರ್ಟಿಲಾನ್. 19ನೇ ಶತಮಾನದ ಕೊನೆಯಲ್ಲಿ, ಬೆರಳಚ್ಚಿನ ಪದ್ಧತಿ ಇನ್ನೂ ಅಷ್ಟಾಗಿ ಬಳಕೆಗೆ ಬರದ ಕಾಲದಲ್ಲಿ, ಆರೋಪಿಗಳನ್ನು ಗುರುತಿಸೋಕೆ ಅವರು ಮೈ ಅಳತೆ ತೆಗೆಸುತ್ತಿದ್ದರು. ಜೊತೆಗೆ ಮಾತಿನಲ್ಲೇ ಮುಖ ಕಟ್ಟಿಕೊಡುವ ಒಂದು ಪದ್ಧತಿಯನ್ನೂ ರೂಪಿಸಿದರು. ಹಣೆಯ ಇಳಿಜಾರು, ಮೂಗಿನ ಬೆನ್ನು, ತುಟಿಯ ದಪ್ಪ, ಎಲ್ಲಕ್ಕೂ ಗೊತ್ತಾದ ಪದಗಳು. ಎಲ್ಲಕ್ಕಿಂತ ಹೆಚ್ಚು ಅವರು ನಂಬಿದ್ದು ಕಿವಿಯನ್ನು. ಮನುಷ್ಯ ದಪ್ಪ ಆಗಬಹುದು, ಗಡ್ಡ ಬಿಡಬಹುದು, ಕಿವಿಯ ಆಕಾರ ಮಾತ್ರ ಅಷ್ಟು ಸುಲಭಕ್ಕೆ ಬದಲಾಗೋದಿಲ್ಲ ಅನ್ನೋದು ಅವರ ಲೆಕ್ಕ. ಪೊಲೀಸ್ ಫೋಟೊಗಳಲ್ಲಿ ಮುಂದಿನಿಂದ ಒಂದು, ಪಕ್ಕದಿಂದ ಒಂದು ಅಂತ ತೆಗೆಯುವ ಕ್ರಮವನ್ನು ಪಕ್ಕಾ ಮಾಡಿದವರೂ ಅವರೇ. ನಮ್ಮ ಎಷ್ಟು ಜನ ವಿದ್ಯಾರ್ಥಿಗಳಿಗೆ ಕಿವಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳೋಕೆ ಬರುತ್ತದೆ? ಸುಮ್ನೆ ಕೇಳಿದೆ.

ಇಲ್ಲಿ ಒಂದು ವಿಚಿತ್ರವನ್ನೂ ಹೇಳಬೇಕು. ಅಮೆರಿಕದಲ್ಲಿ ಜೊನಾಥನ್ ಸ್ಕೂಲರ್ ಮತ್ತು ಟೋನ್ಯಾ ಎಂಗ್ಸ್ಟ್ಲರ್-ಸ್ಕೂಲರ್ ಅನ್ನೋ ಮನಶ್ಶಾಸ್ತ್ರಜ್ಞರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬ್ಯಾಂಕ್ ದರೋಡೆಯ ಒಂದು ಚಿಕ್ಕ ವಿಡಿಯೊ ತೋರಿಸಿ, ಕೆಲವರಿಗೆ ಕಳ್ಳನ ಮುಖವನ್ನು ಮಾತಿನಲ್ಲಿ ಬರೆಯಲು ಹೇಳಿದರು, ಉಳಿದವರಿಗೆ ಬೇರೆ ಏನೋ ಕೆಲಸ ಕೊಟ್ಟರು. ಆಮೇಲೆ ಒಂದೇ ಥರ ಕಾಣುವ ಮುಖಗಳ ನಡುವೆ ಅವನನ್ನು ಹುಡುಕಿ ಅಂದಾಗ, ಕಷ್ಟಪಟ್ಟು ಬರೆದವರೇ ಜಾಸ್ತಿ ಎಡವಿದರು. 2014ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಮತ್ತೆ ಮಾಡಿ ನೋಡಿದಾಗಲೂ ಈ ಪರಿಣಾಮ ಕಂಡಿತು. ಮುಖವನ್ನು ನಾವು ಇಡಿಯಾಗಿ ನೆನಪಿಟ್ಟುಕೊಳ್ಳುತ್ತೇವೆ, ಮಾತಿಗೆ ಇಳಿಸುವಾಗ ಮೂಗು ಬಾಯಿ ಅಂತ ಬಿಡಿಸುತ್ತೇವೆ, ಆ ಬಿಡಿ ಮಾತು ಇಡೀ ಮುಖವನ್ನು ಮುಚ್ಚಿಬಿಡುತ್ತದೆ ಅನ್ನೋದು ಒಂದು ವಿವರಣೆ. ಸ್ವಂತ ಭಾಷೆಯಲ್ಲೇ ಇಷ್ಟು ಕಷ್ಟ ಅಂದಮೇಲೆ, ಕಲಿತ ಭಾಷೆಯಲ್ಲಿ ಮುಖ ಕಟ್ಟಿಕೊಡೋದನ್ನು ಎರಡು ಕಾಲಂ ಪದಗಳಿಂದ ಮುಗಿಸೋಕೆ ಆಗುತ್ತಾ?

ಬಣ್ಣದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯಲ್ಲಿ ಎತ್ತರ ಆದ ಕೂಡಲೇ ಮೈಬಣ್ಣ. ಯಾಕಷ್ಟು ಅವಸರ ಅಂತ ನನಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ 'ಫೇರ್' ಅನ್ನೋದನ್ನು ಹೊಂಬಣ್ಣದ ಕೂದಲಿಗೂ ಹೇಳುತ್ತಾರೆ. 'ಟಾಲ್, ಡಾರ್ಕ್ ಅಂಡ್ ಹ್ಯಾಂಡ್ಸಮ್' ಅಂತ ಎಲ್ಲರೂ ಹೇಳುವ ಮಾತಿನಲ್ಲಿ 'ಡಾರ್ಕ್' ಅಂದರೆ ಸಾಮಾನ್ಯವಾಗಿ ಕಪ್ಪು ಕೂದಲು, ಕಪ್ಪು ಕಣ್ಣಿನವನು ಅಂತ. ಇನ್ನು 'ವೀಟಿಶ್' ಅನ್ನೋದು ಭಾರತದ ಇಂಗ್ಲಿಷಿನ ಪದ, ಹೊರಗಿನವರಿಗೆ ಹೇಳಿದರೆ ಗೋಧಿಗೂ ಮನುಷ್ಯನಿಗೂ ಏನು ಸಂಬಂಧ ಅಂತ ನೋಡುತ್ತಾರೆ. ಕಾಣೆಯಾದವರ ಪ್ರಕಟಣೆಯಲ್ಲಿ ಬಣ್ಣ ಬೇಕಾಗಬಹುದು. ಗೆಳೆಯನನ್ನೋ ಸಹೋದ್ಯೋಗಿಯನ್ನೋ ಪರಿಚಯಿಸುವಾಗ ಅದರ ಅಗತ್ಯ ಏನು? ಯಾರೂ ಕೇಳದೆ ಮೈಬಣ್ಣ ಎತ್ತಿದರೆ ಎದುರಿಗಿರುವವರು ನಿಮ್ಮ ಬಗ್ಗೆಯೇ ಏನೋ ಅಂದುಕೊಳ್ಳುತ್ತಾರೆ.

'ಫ್ಯಾಟ್' ಕೂಡ ಹಾಗೇ. ನಿಘಂಟಿನಲ್ಲಿ ಅರ್ಥ ಸರಿಯಾಗೇ ಇದೆ. ಮುಖಕ್ಕೆ ಹೇಳಿದರೆ ಬೈಗುಳ. ಮಗುವಿಗೆ 'ಚಬ್ಬಿ' ಅಂದರೆ ಮುದ್ದು, ದೊಡ್ಡವರಿಗೆ ಅಂದರೆ ಚುಚ್ಚು. ವೈದ್ಯರು 'ಓವರ್‌ವೇಟ್' ಅನ್ನುತ್ತಾರೆ. ಗಟ್ಟಿಮುಟ್ಟಾದ ಆಳಿಗೆ 'ವೆಲ್ ಬಿಲ್ಟ್'. ತೆಳ್ಳಗಿರುವ ಕಡೆಯಲ್ಲೂ ಅಷ್ಟೇ ಮೆಟ್ಟಿಲುಗಳು. 'ಸ್ಲಿಮ್' ಅಂದರೆ ಹೊಗಳಿಕೆ, 'ಥಿನ್' ಅಂದರೆ ಬರೀ ವಿಷಯ, 'ಸ್ಕಿನ್ನಿ' ಅಂದರೆ ಊಟ ಮಾಡ್ತಾನೋ ಇಲ್ವೋ ಅನ್ನೋ ಅನುಮಾನ, 'ಬೋನಿ' ಅಂದರೆ ಮೂಳೆಚಕ್ಕಳ. ಇವನ್ನೆಲ್ಲ ಒಂದೇ ಸಾಲಿನಲ್ಲಿ ಸಮಾನಾರ್ಥಕ ಅಂತ ಅಚ್ಚು ಹಾಕಿದರೆ ಕಲಿಯುವವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ, ಆಫೀಸಿನಲ್ಲಿ ಯಾರದ್ದೋ ಮನಸ್ಸು ನೋಯಿಸಿಕೊಂಡು ಬರುತ್ತಾರೆ. ವಯಸ್ಸಿನ ವಿಷಯದಲ್ಲೂ 'ಓಲ್ಡ್' ಅಂತ ಒಂದೇ ಏಟಿಗೆ ಹೇಳೋದಕ್ಕಿಂತ 'ಇನ್ ಹರ್ ಸಿಕ್ಸ್ಟೀಸ್' ಅನ್ನೋದು ನಯ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಬರವಣಿಗೆ ಕೈಪಿಡಿ ಈಗ 'ಓಲ್ಡರ್ ಅಡಲ್ಟ್ಸ್' ಅಂತ ಬರೆಯಿರಿ, 'ದಿ ಎಲ್ಡರ್ಲಿ' ಬೇಡ ಅನ್ನುತ್ತದೆ. ಗಾಲಿಕುರ್ಚಿ ಬಳಸುವವರನ್ನು ಅದಕ್ಕೆ ಕಟ್ಟಿಹಾಕಿದ ಹಾಗೆ ಬರೆಯೋದನ್ನು ಬಿಟ್ಟು 'ಯೂಸಸ್ ಎ ವೀಲ್‌ಚೇರ್' ಅನ್ನೋದು ಈಗ ರೂಢಿ. ಆ ಕುರ್ಚಿ ಇರೋದೇ ಓಡಾಡೋಕೆ ಅಲ್ವಾ.

ಈಗ ಗುಣ. ನನ್ನ ನಿಜವಾದ ಜಗಳ ಇರೋದೇ ಇಲ್ಲಿ.

ನಿಮ್ಮ ಪಟ್ಟಿಯ ಬಲಗಡೆ ಆರು ಪದ. ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ಅನ್ನೋ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ದೊಡ್ಡದೊಂದು ಇಂಗ್ಲಿಷ್ ನಿಘಂಟನ್ನು ಹಿಡಿದು ಕೂತು, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಹೇಳುವ ಪದಗಳನ್ನೆಲ್ಲ ಹೆಕ್ಕಿದರು. 1936ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ 17,953 ಪದಗಳಿದ್ದವು. ಅದರಲ್ಲೂ ಗಟ್ಟಿಯಾಗಿ ನಿಂತ ಸ್ವಭಾವ ಅಂತ ಹೇಳಬಹುದಾದವು 4,504. ಉಳಿದವು ಆ ಹೊತ್ತಿನ ಮನಃಸ್ಥಿತಿ, ಹೊಗಳಿಕೆ, ತೆಗಳಿಕೆ, ಇತ್ಯಾದಿ. ನನಗೆ ಇದರಲ್ಲಿ ಇಷ್ಟವಾದದ್ದು ಲೆಕ್ಕಕ್ಕಿಂತ ಆ ವಿಂಗಡಣೆ. ಸ್ವಭಾವ ಬೇರೆ, ಇವತ್ತಿನ ಮೂಡ್ ಬೇರೆ, ನಾವು ಹಾಕುವ ಮಾರ್ಕ್ಸ್ ಬೇರೆ. 'ಕ್ವಯಟ್' ಅಂದರೆ ನೋಡಿ ಹೇಳಿದ್ದು. 'ಗುಡ್' ಅಂದರೆ ಮಾರ್ಕ್ಸ್ ಹಾಕಿದ್ದು. ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಮಾರ್ಕ್ಸೇ.

ಆಮೇಲಿನ ದಶಕಗಳಲ್ಲಿ ಬೇರೆಯವರು ಈ ರಾಶಿಯನ್ನು ಸೋಸಿ ಸೋಸಿ ಐದು ದೊಡ್ಡ ಗುಂಪಿಗೆ ತಂದರು. ಹೊಸದಕ್ಕೆ ಎಷ್ಟು ತೆರೆದುಕೊಳ್ಳುತ್ತಾರೆ, ಹಿಡಿದ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ, ಜನರ ನಡುವೆ ಎಷ್ಟು ಬೆರೆಯುತ್ತಾರೆ, ಎಷ್ಟು ಹೊಂದಿಕೊಂಡು ಹೋಗುತ್ತಾರೆ, ಎಷ್ಟು ಬೇಗ ಗಾಬರಿ ಬೇಸರ ಪಡುತ್ತಾರೆ. 'ಬಿಗ್ ಫೈವ್' ಅನ್ನೋದು ಇದನ್ನೇ. ಐದರಲ್ಲೂ ಕೇಳೋದು 'ಎಷ್ಟು' ಅಂತ, ಹೌದೋ ಅಲ್ಲವೋ ಅಂತಲ್ಲ. ಆದರೆ ನಮ್ಮ ಮಾತಿನಲ್ಲಿ ಎಲ್ಲರೂ ಒಂದೋ ಇಂಟ್ರೋವರ್ಟ್, ಇಲ್ಲಾ ಎಕ್ಸ್‌ಟ್ರೋವರ್ಟ್. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬಳಕೆಗೆ ತಂದ ಈ ಜೋಡಿ ಈಗ ಎಲ್ಲರ ಬಾಯಲ್ಲಿದೆ, ಅದೂ ತಪ್ಪಾಗಿ. ನಾಚಿಕೆ ಸ್ವಭಾವದವರಿಗೆಲ್ಲ ಇಂಟ್ರೋವರ್ಟ್ ಅಂತ ಹೇಳಿಬಿಡುತ್ತಾರೆ. ನಾಚಿಕೆ ಅಂದರೆ ಜನ ಏನಂದಾರು ಅನ್ನೋ ಅಳುಕು, ಅದಕ್ಕೆ 'ಶೈ' ಇದೆ. ಇಂಟ್ರೋವರ್ಟ್‌ಗೆ ಅಳುಕು ಇರಲೇಬೇಕು ಅಂತೇನಿಲ್ಲ, ಜನ ಜಾಸ್ತಿ ಆದರೆ ಸಾಕು ಅನಿಸುತ್ತದೆ ಅಷ್ಟೇ. ಸಾವಿರ ಜನರ ಮುಂದೆ ಭಾಷಣ ಮಾಡಿ, ಇಳಿದ ಮೇಲೆ ಯಾರ ಜೊತೆಗೂ ಮಾತು ಬೇಡ ಅನ್ನುವವರು ಎಷ್ಟಿಲ್ಲ?

ಪದಗಳನ್ನು ಯಾವ ಸಾಲಿನಲ್ಲಿ ಇಡುತ್ತೇವೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಪ್ರತಿ ಇಂಗ್ಲಿಷ್ ಮೇಷ್ಟ್ರೂ ಓದಬೇಕು ಅಂತ ನನ್ನ ಆಸೆ. ಒಬ್ಬ ವ್ಯಕ್ತಿ ಬುದ್ಧಿವಂತ, ಶ್ರಮಜೀವಿ, ಹಿಂದೆಮುಂದೆ ನೋಡದವನು, ತಪ್ಪು ಹುಡುಕುವವನು, ಹಟಮಾರಿ, ಹೊಟ್ಟೆಕಿಚ್ಚಿನವನು ಅಂತ ಇಂಗ್ಲಿಷಿನಲ್ಲಿ ಆರು ಪದ ಓದಿ ಹೇಳಿದರು. ಇನ್ನೊಂದು ಗುಂಪಿಗೆ ಅದೇ ಆರು ಪದ, ಕೊನೆಯಿಂದ ಮೊದಲಿಗೆ. ಮೊದಲ ಗುಂಪಿಗೆ ಕಂಡದ್ದು ಕೆಲವು ದೋಷಗಳಿರುವ ಸಮರ್ಥ ಮನುಷ್ಯ. ಎರಡನೆಯವರಿಗೆ ಕಂಡದ್ದು ಸಮಸ್ಯೆಯ ಮನುಷ್ಯ. ಮತ್ತೊಂದು ಪ್ರಯೋಗದಲ್ಲಿ ಏಳು ಪದಗಳ ನಡುವೆ 'ವಾರ್ಮ್' ತೆಗೆದು 'ಕೋಲ್ಡ್' ಇಟ್ಟರು. ಉಳಿದ ಆರು ಹಾಗೇ ಇದ್ದರೂ, ಕೇಳಿದವರ ಮನಸ್ಸಿನಲ್ಲಿದ್ದ ಮನುಷ್ಯನೇ ಬದಲಾಗಿಬಿಟ್ಟ. ಅದೇ ಜಾಗದಲ್ಲಿ 'ಪೊಲೈಟ್' ಅಂದರೆ ವಿನಯವಂತ, 'ಬ್ಲಂಟ್' ಅಂದರೆ ಒರಟು ಮಾತಿನವನು ಅಂತ ಇಟ್ಟು ನೋಡಿದಾಗ ಅಷ್ಟೊಂದು ವ್ಯತ್ಯಾಸ ಆಗಲಿಲ್ಲ. ಎಲ್ಲ ಪದಕ್ಕೂ ಒಂದೇ ತೂಕ ಇರೋದಿಲ್ಲ. ಪಟ್ಟಿಯಲ್ಲಿ ಮಾತ್ರ ಎಲ್ಲಕ್ಕೂ ಒಂದೊಂದು ಸಾಲು.

ದೋಷ ಹೇಳುವ ರೀತಿಯಲ್ಲಿ ಇಂಗ್ಲಿಷ್ ಆಡುವವರು ಬಹಳ ಜಾಣರು. ನಿಮ್ಮ ಪಾಠದಲ್ಲಿ ಇದು ಇರಬೇಕಿತ್ತು. 'ಹಿ ಈಸ್ ಲೇಜಿ' ಅಂತ ನೇರವಾಗಿ ಹೇಳೋದು ಕಡಿಮೆ. ಒಳ್ಳೆಯ ಪದ ತಗೊಂಡು ಅದಕ್ಕೆ 'ನಾಟ್ ವೆರಿ' ಸೇರಿಸುತ್ತಾರೆ. 'ಹಿ ಈಸಂಟ್ ದಿ ಮೋಸ್ಟ್ ಪಂಕ್ಚುವಲ್ ಪರ್ಸನ್' ಅಂದರೆ ಅಪ್ಪಟ ತಡ ಮನುಷ್ಯ ಅಂತಲೇ ತಿಳಿಯಬೇಕು. 'ಶಿ ಕ್ಯಾನ್ ಬಿ ಎ ಬಿಟ್ ಡೈರೆಕ್ಟ್' ಅಂದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾಳೆ ಅಂತ. 'ಟೆಂಡ್ಸ್ ಟು', 'ಎ ಬಿಟ್', 'ಕ್ಯಾನ್ ಬಿ', ಈ ಮೂರು ಕಲಿಸಿದರೆ ಅರ್ಧ ಜಗಳ ತಪ್ಪುತ್ತದೆ. ನಮ್ಮಲ್ಲೂ 'ಸ್ವಲ್ಪ ಮುಂಗೋಪ' ಅಂತ ಸಿಟ್ಟಿನ ಸ್ವಭಾವವನ್ನು ಮೆತ್ತಗೆ ಹೇಳುತ್ತೇವಲ್ಲ, ಅದೇ ಸೌಜನ್ಯ ಇಂಗ್ಲಿಷಿಗೆ ಹೋದ ಕೂಡಲೇ ಎಲ್ಲಿ ಮಾಯವಾಗುತ್ತದೋ ಗೊತ್ತಿಲ್ಲ.

ಇನ್ನೊಂದು, ಯಾರ ಬಗ್ಗೆ ಹೇಳುತ್ತಿದ್ದೇವೆ ಅನ್ನೋದರ ಮೇಲೆ ಪದ ಬದಲಾಗುತ್ತದೆ. ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದನ್ನು ವ್ಯಾಕರಣದ ರೂಪಗಳ ಹಾಗೆ ಒಪ್ಪಿಸಿದ್ದರು. ನಾನು ದೃಢ ಮನಸ್ಸಿನವನು, ನೀನು ಹಟಮಾರಿ, ಅವನು ಮೊಂಡ ಮೂರ್ಖ. ಮೂವರೂ ಮಾಡಿದ್ದು ಒಂದೇ ಕೆಲಸ. ತರಗತಿಯಲ್ಲಿ ಇದನ್ನು ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಾರೆ, ಆಮೇಲೆ ತಾವೇ ಹೊಸೆಯೋಕೆ ಶುರು ಮಾಡುತ್ತಾರೆ. ನಾನು ಕ್ಯೂರಿಯಸ್, ನೀನು ನೋಸಿ, ಅಂದರೆ ಬೇರೆಯವರ ವಿಷಯಕ್ಕೆ ಮೂಗು ತೂರಿಸುವವನು. ನಾನು ಥ್ರಿಫ್ಟಿ, ಅಂದರೆ ಹಿತಮಿತವಾಗಿ ಖರ್ಚು ಮಾಡುವವನು, ನೀನು ಸ್ಟಿಂಜಿ, ಅಂದರೆ ಜಿಪುಣ. ನಾನು ಕಾನ್ಫಿಡೆಂಟ್, ಅವನು ಆರೊಗಂಟ್. ಪಟ್ಟಿ ಬಾಯಿಪಾಠ ಮಾಡಿಸೋದಕ್ಕಿಂತ ಈ ಆಟದಲ್ಲಿ ಪದಗಳು ಎಷ್ಟೋ ಚೆನ್ನಾಗಿ ಅಂಟಿಕೊಳ್ಳುತ್ತವೆ.

'ಈಸ್' ಮತ್ತು 'ಈಸ್ ಬೀಯಿಂಗ್' ವ್ಯತ್ಯಾಸವನ್ನು ಯಾಕೋ ಯಾರೂ ಕಲಿಸೋದಿಲ್ಲ. 'ಹಿ ಈಸ್ ರೂಡ್' ಅಂದರೆ ಅವನ ಬುದ್ಧಿಯೇ ಹಾಗೆ. 'ಹಿ ಈಸ್ ಬೀಯಿಂಗ್ ರೂಡ್' ಅಂದರೆ ಈಗ ಹಾಗೆ ಆಡ್ತಾ ಇದ್ದಾನೆ, ಅಷ್ಟೇ. ಒಂದು ದಿನದ ಸಿಟ್ಟನ್ನು ನೋಡಿ ಮನುಷ್ಯನ ಮೇಲೆ ಶಾಶ್ವತ ಮುದ್ರೆ ಒತ್ತೋದನ್ನು ತಪ್ಪಿಸುವ ಎಂಥ ಒಳ್ಳೆ ಸೌಲಭ್ಯ ಇದು. ಆಫೀಸಿನ ಇಮೇಲ್‌ಗಳಲ್ಲಿ ಈ ಒಂದು 'ಬೀಯಿಂಗ್' ಇಲ್ಲದೆ ಆದ ಮನಸ್ತಾಪಗಳನ್ನು ನಾನು ಕೇಳಿದ್ದೇನೆ.

ನಾನು ಹೇಳಬೇಕಾದದ್ದು ಒಂದು ಉದಾಹರಣೆಯಲ್ಲೇ ಇದೆ. ತರಗತಿಯ ಒಬ್ಬ ಹುಡುಗಿ ತನ್ನ ಅಕ್ಕನ ಬಗ್ಗೆ ಬರೆದು ತಂದಳು. ಅಕ್ಕ ಟಾಲ್, ಬ್ಯೂಟಿಫುಲ್, ಕೈಂಡ್, ಪೇಷೆಂಟ್, ಇಂಟೆಲಿಜೆಂಟ್. ವ್ಯಾಕರಣ ಎಲ್ಲ ಸರಿ, ಕೆಂಪು ಪೆನ್ನಿಗೆ ಕೆಲಸವೇ ಇಲ್ಲ. ಪೇಷೆಂಟ್ ಅಂತ ಬರೆದಿದ್ದೀಯಲ್ಲಮ್ಮ, ನಿನಗೆ ಹೇಗೆ ಗೊತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕನ್ನಡದಲ್ಲಿ ಹೇಳಿದಳು. 'ಅವಳು ಯಾರ ಮಾತನ್ನೂ ಮಧ್ಯದಲ್ಲಿ ತಡೆಯಲ್ಲ ಮೇಡಂ. ಪೂರ್ತಿ ಕೇಳ್ತಾಳೆ. ಒಪ್ಪಿಗೆ ಇಲ್ಲ ಅಂದ್ರೆ ಕನ್ನಡಕ ತೆಗೆದು ಒರೆಸೋಕೆ ಶುರು ಮಾಡ್ತಾಳೆ. ಒರೆಸ್ತಾ ಇದ್ದಾಳೆ ಅಂದ್ರೆ ನಾವೆಲ್ಲ ಹುಷಾರು.' ಇದನ್ನೇ ಇಂಗ್ಲಿಷಿನಲ್ಲಿ ಬರಿ ಅಂದೆ. 'ಶಿ ನೆವರ್ ಇಂಟರಪ್ಟ್ಸ್. ವೆನ್ ಶಿ ಡಸಂಟ್ ಅಗ್ರೀ, ಶಿ ಟೇಕ್ಸ್ ಆಫ್ ಹರ್ ಗ್ಲಾಸಸ್ ಅಂಡ್ ಕ್ಲೀನ್ಸ್ ದೆಮ್.' ಇಷ್ಟೇ. ಒಂದು ಪದವೂ ಕಷ್ಟದ್ದಲ್ಲ. ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನವರು ಕೂಡ ತಲೆ ಎತ್ತಿ ನೋಡಿದರು, ಅವರಿಗೆ ಅಕ್ಕ ಕಂಡಿದ್ದಳು, ಕನ್ನಡಕ ಹಾಕುತ್ತಾಳೆ ಅನ್ನೋದೂ ಬೇರೆ ಹೇಳದೆ ಗೊತ್ತಾಗಿತ್ತು, ತಾಳ್ಮೆಯ ಜೊತೆಗೆ ಆ ತಾಳ್ಮೆಗೊಂದು ಮಿತಿ ಇದೆ ಅನ್ನೋದೂ ತಿಳಿದಿತ್ತು. 'ಪೇಷೆಂಟ್' ಅನ್ನೋ ಪದ ಬೇಕಾದರೆ ಇರಲಿ. ಅದರ ಹಿಂದೆ ಹೀಗೊಂದು ವಾಕ್ಯ ಬರಲಿ ಅನ್ನೋದು ನನ್ನ ವಾದ.

ಇದು ಶಾಲೆಯ ಪ್ರಬಂಧಕ್ಕೆ ಮಾತ್ರ ಸಂಬಂಧಿಸಿದ್ದು ಅಂತ ತಿಳಿಯಬೇಡಿ. ಶಿಫಾರಸು ಪತ್ರಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಬೋಧಕರಿಗಾಗಿ ಬರೆದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಅನ್ನುವವರು ಓದಿ 2003ರಲ್ಲಿ ವರದಿ ಪ್ರಕಟಿಸಿದರು. ಹೆಂಗಸರ ಬಗ್ಗೆ ಬರೆದ ಪತ್ರಗಳು ಸರಾಸರಿ ಚಿಕ್ಕವು. ಅವುಗಳಲ್ಲಿ ಅನುಮಾನ ಹುಟ್ಟಿಸುವ ಮಾತು ಜಾಸ್ತಿ, ಕಷ್ಟಪಟ್ಟು ದುಡಿಯುತ್ತಾಳೆ ಅನ್ನೋ ಥರದ ಮೆಚ್ಚುಗೆಯೂ ಜಾಸ್ತಿ. ಗಂಡಸರ ಪತ್ರಗಳಲ್ಲಿ ಅವರ ಸಂಶೋಧನೆಯ ಮಾತು ಹೆಚ್ಚು. ಬರೆದವರು ಹೆಣ್ಣುಮಕ್ಕಳನ್ನು ಹೊಗಳುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದಿರಬಹುದು. 'ಹಾರ್ಡ್‌ವರ್ಕಿಂಗ್', 'ಕೈಂಡ್', 'ಹೆಲ್ಪ್‌ಫುಲ್' ಅಂತ ಬರೆದು ಸಹಿ ಹಾಕಿದರೆ ಓದುವವರಿಗೆ ಬೇರೇನೂ ಹೇಳೋಕೆ ಇರಲಿಲ್ಲವೇನೋ ಅನಿಸುತ್ತದೆ. ನಮ್ಮ ಪಟ್ಟಿಗಳಲ್ಲಿ ಮೊದಲು ಬರುವ ಪದಗಳೇ ಇವು. ಶಿಫಾರಸು ಬರೆಯುವ ಯಾರೇ ಆಗಲಿ, ಆ ವ್ಯಕ್ತಿ ಮಾಡಿದ ಒಂದು ಕೆಲಸವನ್ನು ಎರಡು ಸಾಲಿನಲ್ಲಿ ಹೇಳಿದರೆ ಗುಣವನ್ನು ಓದುವವರೇ ತಿಳಿದುಕೊಳ್ಳುತ್ತಾರೆ.

ಕನ್ನಡದೊಳಗೆ ಬಂದು ಅರ್ಥ ಬದಲಿಸಿಕೊಂಡ ಇಂಗ್ಲಿಷ್ ಪದಗಳಿಗೂ ನಿಮ್ಮ ಪಾಠದಲ್ಲಿ ಒಂದು ಚಿಕ್ಕ ಚೌಕಟ್ಟು ಬೇಕಿತ್ತು. ನಾವು 'ಒಳ್ಳೆ ಪರ್ಸನಾಲಿಟಿ' ಅನ್ನೋದು ಎತ್ತರ ಮೈಕಟ್ಟು ನೋಡಿ, ಇಂಗ್ಲಿಷಿನವರು ಅನ್ನೋದು ಸ್ವಭಾವ ನೋಡಿ. ಹುಡುಗಿ 'ಹೋಮ್ಲಿ' ಅಂತ ನಾವು ಮೆಚ್ಚಿ ಹೇಳಿದರೆ ಅಮೆರಿಕದವರಿಗೆ ಅದು ನೋಡೋಕೆ ಅಷ್ಟಕ್ಕಷ್ಟೇ ಅಂತ ಕೇಳಿಸುತ್ತದೆ. 'ಸೋಬರ್' ಅಂದರೆ ನಮಗೆ ಶಾಂತ ಸ್ವಭಾವ, ಅವರಿಗೆ ಮೊದಲು ಹೊಳೆಯೋದು ಕುಡಿದಿಲ್ಲ ಅನ್ನೋ ಅರ್ಥ. 'ಸಿಂಪಲ್' ಅಂತ ಒಬ್ಬರನ್ನು ಹೊಗಳಿದರೆ ಬುದ್ಧಿ ಕಮ್ಮಿ ಅಂತಲೂ ಆಗಬಹುದು. 'ಸ್ಮಾರ್ಟ್' ಅಂದರೆ ಅಮೆರಿಕದಲ್ಲಿ ಜಾಣ, ಬ್ರಿಟನ್ನಿನಲ್ಲಿ ಹೆಚ್ಚಾಗಿ ನೀಟಾಗಿ ಬಟ್ಟೆ ಹಾಕಿದವನು. ನಮ್ಮ ಬಳಕೆ ತಪ್ಪು ಅಂತ ನಾನು ಹೇಳೋದಿಲ್ಲ, ನಮ್ಮ ನಮ್ಮೊಳಗೆ ಅದು ಚೆನ್ನಾಗೇ ನಡೆಯುತ್ತದೆ. ಹೊರಗಿನವರ ಜೊತೆ ಮಾತಾಡುವಾಗ ಮಾತ್ರ ಎಚ್ಚರ ಬೇಕು.

ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಪದಗಳ ಪಟ್ಟಿ ಹಾಕಲೇಬೇಕಾದರೆ ಪ್ರತಿ ಪದದ ಮುಂದೆ ಮುಖಕ್ಕೆ ಹೇಳಬಹುದೋ ಬೇಡವೋ ಅಂತ ಒಂದು ಗುರುತು ಹಾಕಿ. 'ನೋಸಿ', 'ಸ್ಕಿನ್ನಿ', ಎಲ್ಲರ ಮೇಲೂ ಅಧಿಕಾರ ಚಲಾಯಿಸುವವರಿಗೆ ಹೇಳುವ 'ಬಾಸಿ', ಇಂಥವಕ್ಕೆ ಕೆಂಪು ಚುಕ್ಕೆ ಇರಲಿ. 'ಬಾಸಿ' ಅನ್ನೋದನ್ನು ಗಂಡಸರಿಗಿಂತ ಹೆಣ್ಣುಮಕ್ಕಳ ಮೇಲೇ ಜಾಸ್ತಿ ಪ್ರಯೋಗಿಸುತ್ತಾರೆ ಅಂತಲೂ ಒಂದು ಸಾಲು ಸೇರಿಸಿ. ಆಮೇಲೆ ಓದುಗರಿಂದಲೇ ಬರೆಸಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ. ಗುಡ್, ನೈಸ್, ಕೈಂಡ್, ಆನೆಸ್ಟ್, ಬ್ಯೂಟಿಫುಲ್ ಬಳಸುವಂತಿಲ್ಲ. ಹೆಸರು, ವಿಳಾಸ, ಸಂಬಂಧ ಏನೂ ಬೇಡ. ಹತ್ತು ಒಳ್ಳೆಯದನ್ನು ಆರಿಸಿ ಭಾನುವಾರದ ಪುಟದಲ್ಲಿ ಹಾಕಿ. ಬಂದದ್ದನ್ನು ಓದಿ ಆರಿಸೋಕೆ ಜನ ಸಾಲದಿದ್ದರೆ ಹೇಳಿ ಕಳಿಸಿ, ನಾನು ಬರುತ್ತೇನೆ. ಕೆಂಪು ಪೆನ್ನು ನನ್ನ ಹತ್ತಿರವೇ ಇದೆ.

ಇಂತಿ,
ಇಂಗ್ಲಿಷ್ ಹೇಳಿಕೊಡುವ ನಿಮ್ಮ ಓದುಗಿ